ಉಕ್ಕು ಕನ್ನಡಿಯಾಗುವ ಬಗೆ

ಟಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತದೆ. 1989ರಿಂದ ಕುಂಭಮೇಳ ನಡೆದುಬಂದಿರುವ ಈ ಸಂಗಮ ಯಾತ್ರಿಕರಿಗೆ ಎಷ್ಟು ಮುಖ್ಯವೋ ಪುರಾತತ್ವದ ವಿದ್ಯಾರ್ಥಿಗಳಿಗೂ ಅಷ್ಟೇ ಮುಖ್ಯ. ನವಶಿಲಾಯುಗದ ಜನವಸತಿಯೊಂದು ಇಲ್ಲಿ ಎಂ. ಶೇಷಾದ್ರಿಯವರ ನೇತೃತ್ವದ ಉತ್ಖನನದಲ್ಲಿ ಬೆಳಕಿಗೆ ಬಂತು. ಅದರ ವರದಿ 1971ರಲ್ಲಿ ಪ್ರಕಟವಾಯಿತು. ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆ ಈ ದಂಡೆಯಲ್ಲಿ ಬದುಕಿದವರ ಮುಖ್ಯ ಆಯುಧ ಕಲ್ಲಿನ ಕೊಡಲಿ. ಅದು ಸುಮ್ಮನೆ ಒಡೆದ ಕಲ್ಲಲ್ಲ. ಚಕ್ಕೆ ಎಬ್ಬಿಸಿ ಆಕಾರ ಕೊಟ್ಟು, ಮೇಲೆ ಕುಟ್ಟಿ ಉಬ್ಬುಗಳನ್ನು ಕಳೆದು, ಕೊನೆಗೆ ಇನ್ನೊಂದು ಕಲ್ಲಿನ ಮೇಲೆ ಮರಳು ನೀರು ಹಾಕಿ ಗಂಟೆಗಟ್ಟಲೆ ಉಜ್ಜಿ ನುಣುಪು ಮಾಡಿದ್ದು. ಮರಕ್ಕೆ ಸಲೀಸಾಗಿ ಇಳಿಯಬೇಕಾದರೆ ಅಂಚು ನುಣ್ಣಗಿರಬೇಕು ಎಂಬುದು ಆ ಜನರಿಗೆ ತಿಳಿದಿತ್ತು.

ಅಂದಿನಿಂದ ಇಂದಿನವರೆಗೆ ಹೊಳಪು ತರುವ ದಾರಿ ಹೆಚ್ಚುಕಡಿಮೆ ಒಂದೇ: ಉಜ್ಜುವುದು. ಅದೇ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೇ ಶತಮಾನದ ಹೊಯ್ಸಳ ಶಿಲ್ಪಿಗಳು ಕಡೆದ ಕಂಬಗಳ ನುಣುಪು ಉಜ್ಜಿ ಬಂದದ್ದು. ಗಾಜಿನ ಕನ್ನಡಿ ಬರುವ ಮುನ್ನ ಮುಖ ನೋಡಲು ಬಳಸುತ್ತಿದ್ದ ಕಂಚಿನ ಕನ್ನಡಿಯೂ ಉಜ್ಜಿದ ಲೋಹವೇ. ಬೇಲೂರಿನ ದರ್ಪಣಸುಂದರಿಯ ಕೈಯಲ್ಲಿರುವುದು ಅಂಥದ್ದು. ಅಕ್ಕಸಾಲಿಗ ಒಡವೆಗೆ ಒಪ್ಪ ಹಾಕುವುದು, ಕತ್ತಿಗೆ ಸಾಣೆ ಹಿಡಿಯುವುದು, ಮನೆಯಲ್ಲಿ ಪಾತ್ರೆ ಬೆಳಗುವುದು ಎಲ್ಲವೂ ಉಜ್ಜುವ ಕೆಲಸವೇ. ತಿಕ್ಕುವುದಕ್ಕೆ ‘ಬೆಳಗುವುದು’ ಎಂದೇ ಹೆಸರಿಟ್ಟ ಭಾಷೆ ಕನ್ನಡ. ನಂಜನಗೂಡಿನ ಹೆಸರನ್ನು ನಾಡಿನ ಮನೆಮನೆಗೆ ಮುಟ್ಟಿಸಿದ ಹಲ್ಲುಪುಡಿಯ ತತ್ವವೂ ಬೇರೆಯಲ್ಲ. ನಯವಾದ ಪುಡಿಯಿಂದ ತಿಕ್ಕಿದರೆ ಹಲ್ಲಿನ ಕೊಳೆ ಬಿಡುತ್ತದೆ.

ಉಜ್ಜದೆ, ಕೈಯನ್ನೇ ಸೋಕಿಸದೆ, ಉಕ್ಕಿನ ಮೈಯನ್ನು ಕನ್ನಡಿಯಂತೆ ಮಾಡುವ ಇನ್ನೊಂದು ದಾರಿ 20ನೇ ಶತಮಾನದಲ್ಲಿ ತೆರೆದುಕೊಂಡಿತು. ಆಮ್ಲದ ತೊಟ್ಟಿಯಲ್ಲಿ ಉಕ್ಕನ್ನು ಇಳಿಬಿಟ್ಟು ವಿದ್ಯುತ್ ಹರಿಸುವ ದಾರಿ ಅದು. ಕಾರ್ಖಾನೆಗಳಲ್ಲಿ ಇದಕ್ಕೆ ಎಲೆಕ್ಟ್ರೋ ಪಾಲಿಶಿಂಗ್ ಎಂಬ ಹೆಸರು. ಕನ್ನಡದಲ್ಲಿ ‘ವಿದ್ಯುತ್ ಒಪ್ಪ’ ಎನ್ನಬಹುದು. ಔಷಧ, ಹಾಲು, ಆಹಾರ ಪದಾರ್ಥಗಳ ಕಾರ್ಖಾನೆಗಳು ಇರುವ ಕಡೆಯೆಲ್ಲ ಈ ವಿದ್ಯೆಗೆ ಬೆಲೆ ಇದೆ. ಕಪಿಲೆಯ ದಡದ ನಂಜನಗೂಡು ಅಂಥ ಊರುಗಳಲ್ಲಿ ಒಂದು.

ಹೊಳಪು ಎಂದರೇನು?

ಹೊಳಪು ವಸ್ತುವಿನ ಬಣ್ಣವಲ್ಲ, ಅದರ ಮೈಯ ಆಕಾರ. ನಯವಾದ ಮೈಯ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಹಿಂದಿರುಗುತ್ತದೆ. ಆಗ ಬಿಂಬ ಕಾಣುತ್ತದೆ. ಒರಟು ಮೈಯ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚೆದರುತ್ತದೆ. ಮೈ ಮಂಕಾಗಿ ಕಾಣುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 0.4ರಿಂದ 0.7 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮೈಮೇಲಿನ ಏರುತಗ್ಗು ಈ ಅಳತೆಗಿಂತ ಬಹಳ ಚಿಕ್ಕದಾದರೆ ಬೆಳಕಿನ ಪಾಲಿಗೆ ಅದು ಸಮತಟ್ಟು ನೆಲ.

ಉಜ್ಜುವವನು ಮಾಡುವುದು ದೊಡ್ಡ ಗೀರಿನ ಬದಲು ಚಿಕ್ಕ ಗೀರು ಹಾಕುವ ಕೆಲಸ. ಮೊದಲು ಒರಟು ಎಮರಿ, ಆಮೇಲೆ ನಯವಾದದ್ದು, ಕೊನೆಗೆ ಬಟ್ಟೆಯ ಚಕ್ರಕ್ಕೆ ಮೇಣದಂಥ ಮಸಾಲೆ ಹಚ್ಚಿ ಬಫಿಂಗ್. ಪ್ರತಿ ಹಂತದಲ್ಲೂ ಹಿಂದಿನ ಗೀರು ಅಳಿಯುತ್ತದೆ, ಅದಕ್ಕಿಂತ ಸಣ್ಣದು ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ‘ಕನ್ನಡಿ’ ಎನ್ನುತ್ತಾರೆ. ಅಂಗಡಿಯಲ್ಲಿ ಥಳಥಳಿಸುವ ತಟ್ಟೆ ಲೋಟಗಳ ಹೊಳಪು ಸಾಮಾನ್ಯವಾಗಿ ಈ ಬಫಿಂಗಿನದೇ.

ಇದರಲ್ಲಿ ಒಂದು ಮರೆಯಿದೆ. ಉಜ್ಜುವಾಗ ಲೋಹದ ದಿಣ್ಣೆಗಳು ಪೂರ್ತಿ ಕಡಿದುಹೋಗುವುದಿಲ್ಲ. ಅವುಗಳಲ್ಲಿ ಕೆಲವು ಬಿಸಿಗೂ ಒತ್ತಡಕ್ಕೂ ಮಣಿದು ಪಕ್ಕದ ತಗ್ಗಿನ ಮೇಲೆ ಬಾಗಿ ಮುಚ್ಚಿಕೊಳ್ಳುತ್ತವೆ. ಬಿರುಕು ಬಿಟ್ಟ ಗೋಡೆಯ ಮೇಲೆ ಸುಣ್ಣ ಬಳಿದ ಹಾಗೆ. ಆ ಮುಚ್ಚಳದ ಕೆಳಗೆ ಎಮರಿಯ ಕಣ, ಮೇಣ, ಲೋಹದ ಪುಡಿ ಸಿಕ್ಕಿಕೊಂಡಿರಬಹುದು. ಮುಖ ನೋಡಿಕೊಳ್ಳಲು ಇದರಿಂದ ಅಡ್ಡಿಯಿಲ್ಲ. ಆದರೆ ಅದೇ ಪಾತ್ರೆಯಲ್ಲಿ ಚುಚ್ಚುಮದ್ದಿನ ದ್ರಾವಣ ತಯಾರಾಗಬೇಕಾದರೆ ಅಡ್ಡಿಯಿದೆ. ಅಲ್ಲದೆ ಉಜ್ಜಲು ಕೈಯೋ ಚಕ್ರವೋ ಒಳಗೆ ಹೋಗಬೇಕು. ಬೆರಳು ತೂರದ ಕೊಳವೆ, ತಂತಿಯ ಜಾಲರಿ, ಹೃದಯದ ರಕ್ತನಾಳದಲ್ಲಿ ಕೂರಿಸುವ ಸ್ಟೆಂಟ್ ಇವುಗಳ ಒಳಮೈಯನ್ನು ಉಜ್ಜುವುದು ಹೇಗೆ?

ಉಕ್ಕು, ಫ್ಯಾರಡೆ, ಕ್ರೋಮಿಯಂ

ಉತ್ತರದ ದಾರಿ ಆರಂಭವಾಗುವುದು, ವಿಚಿತ್ರವೆಂದರೆ, ಒಂದು ಕನ್ನಡ ಪದದ ಬಳಿಯೇ. ದಕ್ಷಿಣ ಭಾರತದ ಮೂಸೆಯ ಉಕ್ಕು ಯುರೋಪಿನಲ್ಲಿ ‘ವೂಟ್ಜ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಆ ಹೆಸರು ಕನ್ನಡದ ‘ಉಕ್ಕು’ ಎಂಬುದರ ಅಪಭ್ರಂಶ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಉಕ್ಕಿನ ಕುಲುಮೆಗಳ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇಂಥ ಉಕ್ಕಿನ ಕತ್ತಿಯ ಅಲಗಿಗೆ ಮೆಲುವಾದ ಆಮ್ಲ ಹಚ್ಚಿದರೆ ನೀರಿನ ಅಲೆಯಂಥ ಗೆರೆಗಳು ಮೂಡುತ್ತಿದ್ದವು. ಉಕ್ಕಿನ ಒಂದು ಭಾಗ ಬೇಗ, ಇನ್ನೊಂದು ಭಾಗ ನಿಧಾನವಾಗಿ ಆಮ್ಲಕ್ಕೆ ಕರಗುವುದೇ ಇದಕ್ಕೆ ಕಾರಣ. ಆಮ್ಲ ಇಲ್ಲಿ ಉಕ್ಕಿನ ಒಳಗುಟ್ಟನ್ನು ಬಿಡಿಸಿ ತೋರಿಸುತ್ತಿತ್ತು, ನುಣುಪು ಮಾಡುತ್ತಿರಲಿಲ್ಲ.

ಈ ವೂಟ್ಜನ್ನು ಲಂಡನ್ನಿನಲ್ಲಿ ಪರೀಕ್ಷೆಗೆ ಒಡ್ಡಿದವರಲ್ಲಿ ತರುಣ ಮೈಕೇಲ್ ಫ್ಯಾರಡೆಯೂ ಒಬ್ಬ. 1819ರಲ್ಲಿ ಅದರ ವಿಶ್ಲೇಷಣೆಯನ್ನು ಪ್ರಕಟಿಸಿದ ಆತ, ಜೇಮ್ಸ್ ಸ್ಟೊಡಾರ್ಟ್ ಎಂಬ ಕತ್ತಿ ತಯಾರಕನ ಜೊತೆ ಸೇರಿ ಉಕ್ಕಿಗೆ ಬೇರೆಬೇರೆ ಲೋಹ ಬೆರೆಸಿ ನೋಡಿದ. ಹಾಗೆ ಬೆರೆಸಿದವುಗಳಲ್ಲಿ ಕ್ರೋಮಿಯಂ ಕೂಡ ಇತ್ತು. ತುಕ್ಕು ಹಿಡಿಯದ ಉಕ್ಕು ಆತನ ಕೈಗೆ ಸಿಗಲಿಲ್ಲ. ಅದಕ್ಕೆ ಸುಮಾರು 90 ವರ್ಷ ಕಾಯಬೇಕಾಯಿತು. 1912ರಲ್ಲಿ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ಕ್ರೋಮಿಯಂ ಮತ್ತು ನಿಕಲ್ ಬೆರೆತ ಉಕ್ಕು, 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯ ಕ್ರೋಮಿಯಂ ಉಕ್ಕು ಹೊರಬಂದವು. ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಆರಂಭವಾದದ್ದೂ ಅದೇ 1913ರಲ್ಲಿ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರಲು ಅದರ ಮೇಲಿನ ಒಂದು ಪೊರೆ ಕಾರಣ. ಉಕ್ಕಿನಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ, ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ತೆಳುವಾದ ಪೊರೆಯಾಗಿ ಮೈಯನ್ನು ಮುಚ್ಚುತ್ತದೆ. ಗೀರಿದರೂ ಪೊರೆ ತಾನೇ ಮತ್ತೆ ಬೆಳೆಯುತ್ತದೆ. ಆದರೆ ಮೈಯಲ್ಲಿ ಕೊಳೆ, ಕಬ್ಬಿಣದ ಪುಡಿ, ಆಳವಾದ ಸಂದು ಇದ್ದ ಕಡೆ ಪೊರೆ ಸರಿಯಾಗಿ ಕೂಡುವುದಿಲ್ಲ. ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ವಿದ್ಯುದ್ವಿಭಜನೆಯ ನಿಯಮಗಳನ್ನು ಕಂಡುಹಿಡಿದವನೂ ಫ್ಯಾರಡೆಯೇ. 1833-34ರಲ್ಲಿ ಆತ ತೋರಿಸಿಕೊಟ್ಟ ಪ್ರಕಾರ, ದ್ರಾವಣದಲ್ಲಿ ಹರಿದ ವಿದ್ಯುತ್ತಿನ ಪ್ರಮಾಣಕ್ಕೂ ಅಲ್ಲಿ ಕರಗಿದ ಅಥವಾ ಕೂತ ಲೋಹದ ತೂಕಕ್ಕೂ ಕಟ್ಟುನಿಟ್ಟಾದ ಲೆಕ್ಕವಿದೆ. ಒಂದು ಆಂಪಿಯರ್ ವಿದ್ಯುತ್ ಒಂದು ಗಂಟೆ ಹರಿದರೆ ಹೆಚ್ಚೆಂದರೆ ಸುಮಾರು ಒಂದು ಗ್ರಾಂ ಕಬ್ಬಿಣ ಕರಗುತ್ತದೆ. ಗಿಲೀಟು ಮಾಡುವವರು ಈ ನಿಯಮದ ಒಂದು ಮುಖವನ್ನು ಬಳಸುತ್ತಾರೆ. ಒಡವೆಯನ್ನು ಋಣಾಗ್ರಕ್ಕೆ ಕಟ್ಟಿದರೆ ಅದರ ಮೇಲೆ ಚಿನ್ನ ಬಂದು ಕೂರುತ್ತದೆ. ಒಪ್ಪ ಹಾಕುವವರು ತಂತಿಯನ್ನು ತಿರುಗಿಸಿ ಕಟ್ಟುತ್ತಾರೆ. ಉಕ್ಕು ಧನಾಗ್ರವಾಗುತ್ತದೆ, ಅದರ ಮೈಯಿಂದ ಲೋಹ ಎದ್ದು ಹೋಗುತ್ತದೆ. ಕಲಾಯಿ ಹಾಕಿದರೆ ಪಾತ್ರೆಗೆ ತವರ ಸೇರುತ್ತದೆ, ಗಿಲೀಟಿನಿಂದ ಚಿನ್ನ ಸೇರುತ್ತದೆ. ವಿದ್ಯುತ್ ಒಪ್ಪದಲ್ಲಿ ಮಾತ್ರ ಏನೂ ಸೇರುವುದಿಲ್ಲ, ಕಳೆಯುತ್ತದೆ. ಈ ವಿದ್ಯೆಯ ಗುಣವೂ ಇದರಲ್ಲಿದೆ, ಅಪಾಯವೂ ಇದರಲ್ಲಿದೆ.

ಬೆಲ್ಲ ಕರಗುವ ಹಾಗೆ

ಆಮ್ಲದಲ್ಲಿ ಲೋಹ ಕರಗಿದರೆ ಮೈ ಒರಟಾಗಬೇಕು. ಕತ್ತಿಯ ಅಲಗಿನಲ್ಲಿ ಗೆರೆ ಮೂಡಿದ್ದು ಹಾಗೆಯೇ. ಇಲ್ಲಿ ನುಣುಪಾಗುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ಫ್ರಾನ್ಸಿನ ಪಿಯರ್ ಜಾಕೆ. 1930ರಲ್ಲಿ ಆತನ ವಿಧಾನಕ್ಕೆ ಪೇಟೆಂಟ್ ದಾಖಲಾಯಿತು. ಗಾಢವಾದ ಫಾಸ್ಫಾರಿಕ್ ಆಮ್ಲದಲ್ಲಿ ತಾಮ್ರವನ್ನು ಧನಾಗ್ರವಾಗಿಟ್ಟು ಸರಿಯಾದ ವೋಲ್ಟೇಜ್ ಕೊಟ್ಟರೆ ಅದು ಕನ್ನಡಿಯಂತೆ ಹೊಳೆಯುತ್ತದೆ ಎಂಬುದನ್ನು 1935ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆತ ಪ್ರಕಟಿಸಿದ. ಕಾರಣವನ್ನೂ ಹುಡುಕಿದ.

ಆ ಕಾರಣವನ್ನು ತಿಳಿಯಲು ಒಂದು ಅಚ್ಚು ಬೆಲ್ಲ ಸಾಕು. ಬೆಲ್ಲದ ಅಚ್ಚನ್ನು ಅಲುಗಾಡದ ನೀರಿನಲ್ಲಿಟ್ಟರೆ ಸ್ವಲ್ಪ ಹೊತ್ತಿಗೆ ಅದರ ಸುತ್ತ ಗಟ್ಟಿ ಪಾಕದ ಒಂದು ಪದರ ಕಟ್ಟುತ್ತದೆ. ಆ ಪದರವನ್ನು ದಾಟಿ ಹೊರಗಿನ ನೀರಿಗೆ ಹೋಗುವುದು ಕರಗಿದ ಬೆಲ್ಲಕ್ಕೆ ಸುಲಭವಲ್ಲ. ಅಚ್ಚಿನ ತಗ್ಗುಗಳಲ್ಲಿ ಪಾಕ ದಪ್ಪವಾಗಿ ನಿಂತಿರುತ್ತದೆ. ಮೂಲೆ, ಏಣುಗಳ ಮೇಲೆ ತೆಳುವಾಗಿರುತ್ತದೆ. ಆದ್ದರಿಂದ ಏಣು ಬೇಗ ಕರಗುತ್ತದೆ, ತಗ್ಗು ನಿಧಾನವಾಗಿ. ಒರಟು ಅಚ್ಚು ಹೀಗೆ ದುಂಡಗೆ, ನುಣ್ಣಗೆ ಆಗುತ್ತ ಹೋಗುತ್ತದೆ. ವಿದ್ಯುತ್ ಹರಿಯುವ ಉಕ್ಕಿನ ಮೈಮೇಲೂ ಇಂಥದೇ ಪದರ ಕಟ್ಟುತ್ತದೆ. ಕರಗಿದ ಲೋಹ ಆಮ್ಲದ ಜೊತೆ ಸೇರಿ ಸ್ನಿಗ್ಧವಾದ, ತೆಳುವಾದ ಹೊದಿಕೆಯಾಗುತ್ತದೆ. ಎತ್ತರದ ತುದಿಗಳಲ್ಲಿ ಹೊದಿಕೆ ತೆಳುವಾದ್ದರಿಂದ ಅಲ್ಲಿ ಲೋಹ ಬೇಗ ಕರಗುತ್ತದೆ, ಹಳ್ಳಗಳಲ್ಲಿ ನಿಧಾನ. ಅಂತರ ಕಡಿಮೆಯಾಗುತ್ತ ಬಂದು ಮೈ ಸಮವಾಗುತ್ತದೆ.

ವೋಲ್ಟೇಜ್ ಇಲ್ಲಿ ಅಳತೆ ತಪ್ಪಬಾರದು. ತೀರ ಕಡಿಮೆಯಾದರೆ ಹೊದಿಕೆ ಕಟ್ಟುವುದಿಲ್ಲ. ಆಮ್ಲ ಲೋಹದ ಹರಳುಗಳ ಅಂಚನ್ನೇ ಕೊರೆದು ಮೈ ಮಂಕಾಗುತ್ತದೆ. ಹೆಚ್ಚಾದರೆ ಆಮ್ಲಜನಕದ ಗುಳ್ಳೆಗಳೆದ್ದು ಮೈಯಲ್ಲಿ ಕುಳಿ, ಗೆರೆ ಬೀಳುತ್ತವೆ. ನಡುವಿನ ಒಂದು ಹದದಲ್ಲಿ ಮಾತ್ರ ವೋಲ್ಟೇಜ್ ಏರಿಸಿದರೂ ವಿದ್ಯುತ್ ಹರಿವು ಏರದೆ ನಿಲ್ಲುತ್ತದೆ. ಪದರ ಕಟ್ಟಿದೆ, ಒಪ್ಪ ಬರುತ್ತಿದೆ ಎಂಬುದಕ್ಕೆ ಅದೇ ಗುರುತು.

ಇನ್ನೊಂದು ಲಾಭವೂ ಜೊತೆಗೆ ಬರುತ್ತದೆ. ಉಕ್ಕಿನ ಮೈಯಿಂದ ಕಬ್ಬಿಣ ಕ್ರೋಮಿಯಂಗಿಂತ ಸುಲಭವಾಗಿ ಬಿಡುತ್ತದೆ. ಕೆಲಸ ಮುಗಿದಾಗ ಮೇಲ್ಪದರದಲ್ಲಿ ಕ್ರೋಮಿಯಂನ ಪಾಲು ಹೆಚ್ಚಾಗಿರುತ್ತದೆ. ಕಾಪಾಡುವ ಪೊರೆ ಗಟ್ಟಿಯಾಗಿ ಬೆಳೆಯುತ್ತದೆ. ಉಜ್ಜಿದಾಗ ಸಿಕ್ಕಿಕೊಂಡಿದ್ದ ಎಮರಿ, ಬಾಗಿ ಮುಚ್ಚಿದ್ದ ಲೋಹದ ಪದರ ಎಲ್ಲ ಕರಗಿ ಉದುರಿ ಅಸಲು ಉಕ್ಕು ಹೊರಗೆ ಕಾಣುತ್ತದೆ.

ತೊಟ್ಟಿಯ ಬಳಿ

ಒಪ್ಪ ಹಾಕುವ ಕಾರ್ಖಾನೆ ನೋಡಲು ಸಾಲಾಗಿ ಜೋಡಿಸಿದ ತೊಟ್ಟಿಗಳ ಕೊಟ್ಟಿಗೆಯಂತಿರುತ್ತದೆ. ಮೊದಲ ತೊಟ್ಟಿಯಲ್ಲಿ ಕ್ಷಾರದ ಬಿಸಿನೀರು. ಎಣ್ಣೆ, ಬೆರಳ ಗುರುತು ಹೋಗದಿದ್ದರೆ ಅಷ್ಟು ಜಾಗ ಮಂಕಾಗಿಯೇ ಉಳಿಯುತ್ತದೆ. ನೀರಿನಲ್ಲಿ ತೊಳೆದ ಮೇಲೆ ತಾಮ್ರ ಅಥವಾ ಟೈಟಾನಿಯಂನ ಕೊಕ್ಕೆಗೆ ಬಿಗಿಯಾಗಿ ಕಟ್ಟುತ್ತಾರೆ. ಕೊಕ್ಕೆ ಸಡಿಲವಿದ್ದರೆ ಕಿಡಿ ಹಾರಿ ಮೈ ಸುಟ್ಟುಹೋಗುತ್ತದೆ. ಮುಖ್ಯ ತೊಟ್ಟಿಯಲ್ಲಿರುವುದು ಗಾಢವಾದ ಫಾಸ್ಫಾರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣ. ಬಿಸಿ ಸಾಮಾನ್ಯವಾಗಿ 50ರಿಂದ 80 ಡಿಗ್ರಿ ಸೆಲ್ಸಿಯಸ್. ಸುತ್ತ ಸೀಸ, ತಾಮ್ರ ಅಥವಾ ಉಕ್ಕಿನ ಋಣಾಗ್ರದ ಹಲಗೆಗಳು. ವೋಲ್ಟೇಜ್ ಹತ್ತರ ಆಸುಪಾಸಿನದು, ಮುಟ್ಟಿದರೆ ಹೊಡೆಯುವಷ್ಟಲ್ಲ. ಆದರೆ ಆಂಪಿಯರ್ ಬಹಳ. ಒಂದು ಚದರ ಡೆಸಿಮೀಟರಿಗೆ, ಅಂದರೆ ಅಂಗೈಗಿಂತ ಸ್ವಲ್ಪ ಅಗಲದ ಜಾಗಕ್ಕೆ, 20 ಆಂಪಿಯರ್ ಎಂದಿಟ್ಟುಕೊಂಡರೂ ಒಂದು ಚದರ ಮೀಟರ್ ಮೈಗೆ 2,000 ಆಂಪಿಯರ್ ಬೇಕು. ಮನೆಯ ದೊಡ್ಡ ಸಾಕೆಟ್ ತಡೆಯುವುದು 15 ಆಂಪಿಯರ್.

ಹತ್ತು ನಿಮಿಷದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಅಷ್ಟರಲ್ಲಿ ಮೈಯಿಂದ ಸುಮಾರು 25 ಮೈಕ್ರಾನ್ ದಪ್ಪದ ಉಕ್ಕು ಹೋಗಿರುತ್ತದೆ. ತಲೆಗೂದಲಿನ ದಪ್ಪದ ಮೂರನೆಯ ಒಂದು ಭಾಗದಷ್ಟು. ನಂತರ ಮತ್ತೆ ಮತ್ತೆ ತೊಳೆದು, ನೈಟ್ರಿಕ್ ಆಮ್ಲದಲ್ಲಿ ಅದ್ದಿ, ಬಿಸಿನೀರಿನಲ್ಲಿ ಜಾಲಿಸಿ ಒಣಗಿಸುತ್ತಾರೆ.

ಇದೇನೂ ಸರ್ವರೋಗಕ್ಕೂ ಮದ್ದಲ್ಲ. ಆಳವಾದ ಗೀರು, ಕೆಟ್ಟ ಬೆಸುಗೆ, ಎರಕದ ತೂತು ಇವು ವಿದ್ಯುತ್ ಒಪ್ಪದಿಂದ ಹೋಗುವುದಿಲ್ಲ. ಹೊಳಪು ಬಂದ ಮೇಲೆ ಇನ್ನೂ ಎದ್ದು ಕಾಣುತ್ತವೆ. ನಿಜವಾದ ಕನ್ನಡಿ ಬೇಕಾದರೆ ಮೊದಲು ಉಜ್ಜಿ ಸಮ ಮಾಡಿಕೊಂಡು ಆಮೇಲೆ ತೊಟ್ಟಿಗೆ ಇಳಿಸಬೇಕು. ಏಣುಗಳಿಗೆ ವಿದ್ಯುತ್ ಹೆಚ್ಚು ಹರಿಯುವುದರಿಂದ ಅಲ್ಲಿ ಸವೆತವೂ ಹೆಚ್ಚು, ಒಳಮೂಲೆಗಳಿಗೆ ಕಡಿಮೆ. ದೊಡ್ಡ ಪಾತ್ರೆಯ ಒಳಮೈಗೆ ತಕ್ಕ ಆಕಾರದ ಋಣಾಗ್ರವನ್ನು ಒಳಗಿಳಿಸಬೇಕಾಗುತ್ತದೆ. ಕೈಗೆ ಎಮರಿ ಬೇಡವಾದರೂ ಕೈಯ ಅನುಭವ ಬೇಡವಾಗುವುದಿಲ್ಲ. ಭಾರತದಲ್ಲಿ ಇಂಥ ವಿದ್ಯೆಗಳಿಗೆಂದೇ ತಮಿಳುನಾಡಿನ ಕಾರೈಕುಡಿಯಲ್ಲಿ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆ 1953ರಲ್ಲಿ ಉದ್ಘಾಟನೆಗೊಂಡಿತು. ಲೋಹದ ಮೈಗೆ ಸಂಸ್ಕಾರ ಕೊಡುವುದು ಅದರ ಸಂಶೋಧನೆಯ ಮುಖ್ಯ ವಿಷಯಗಳಲ್ಲಿ ಒಂದು.

ತೊಟ್ಟಿಯ ಕೆಲಸ ಎಚ್ಚರ ತಪ್ಪಿದರೆ ಪ್ರಾಣಕ್ಕೇ ಎರವಾಗುತ್ತದೆ. 1947ರ ಫೆಬ್ರವರಿ 20ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಅಲ್ಯೂಮಿನಿಯಂಗೆ ಒಪ್ಪ ಹಾಕುತ್ತಿದ್ದ ಕಾರ್ಖಾನೆಯೊಂದು ಸ್ಫೋಟಗೊಂಡು 17 ಜನ ಸತ್ತರು. ಅಲ್ಲಿ ಬಳಸಿದ್ದು ಪರ್‌ಕ್ಲೋರಿಕ್ ಆಮ್ಲ ಮತ್ತು ಅಸಿಟಿಕ್ ಅನ್‌ಹೈಡ್ರೈಡ್‌ಗಳ ಮಿಶ್ರಣ. ಬಿಸಿಯೇರಿದರೆ, ಇಂಗಾಲವಿರುವ ವಸ್ತು ತಾಗಿದರೆ ಸಿಡಿಯುವ ಸ್ವಭಾವ ಅದರದು. ಸ್ಟೇನ್‌ಲೆಸ್ ಸ್ಟೀಲಿಗೆ ಇಂದು ಬಳಕೆಯಲ್ಲಿರುವ ಫಾಸ್ಫಾರಿಕ್, ಸಲ್ಫ್ಯೂರಿಕ್ ಆಮ್ಲಗಳ ತೊಟ್ಟಿ ಹಾಗೆ ಸಿಡಿಯುವುದಿಲ್ಲ. ಆದರೂ ಬಿಸಿ ಆಮ್ಲ ಚರ್ಮವನ್ನು ಸುಡುತ್ತದೆ, ಋಣಾಗ್ರದಲ್ಲಿ ಏಳುವ ಜಲಜನಕ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ನೀರಿಗೆ ಆಮ್ಲ ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದು ಎಂಬ ಶಾಲೆಯ ಪಾಠ ಇಲ್ಲಿ ಪ್ರಾಣ ಉಳಿಸುವ ಪಾಠ.

ಕನ್ನಡಿ ಯಾರಿಗೆ ಬೇಕು?

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳ ಮೂಲವಸ್ತು ತಯಾರಿಸುವ ಘಟಕಗಳಿವೆ. 1989ರಲ್ಲಿ ಶುರುವಾದ ನೆಸ್ಲೆ ಸಂಸ್ಥೆಯ ಕಾಫಿ ಪುಡಿಯ ಕಾರ್ಖಾನೆ ಇದೆ. ತಾಲ್ಲೂಕಿನ ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಬಾಯಿಗೆ ಅಥವಾ ರಕ್ತಕ್ಕೆ ಸೇರುವ ಪದಾರ್ಥ ಹರಿಯುವ ಇಂಥ ಉದ್ಯಮಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ, ಕೊಳವೆ, ಕವಾಟಗಳನ್ನು ನೆಚ್ಚಿಕೊಂಡಿವೆ. ಇವುಗಳ ಪೈಕಿ ಅತಿ ಕಟ್ಟುನಿಟ್ಟಿನ ಶುಚಿತ್ವ ಬೇಕಾದ ಕಡೆ ವಿದ್ಯುತ್ ಒಪ್ಪ ಹಾಕಿದ ಮೈಯನ್ನು ಕೇಳುತ್ತಾರೆ.

ಆ ಕೊಳವೆಯ ಒಳಗೆ ಯಾರೂ ಮುಖ ನೋಡಿಕೊಳ್ಳುವುದಿಲ್ಲ. ಅಲ್ಲಿ ಕನ್ನಡಿ ಬೇಕಾಗಿರುವುದು ಬ್ಯಾಕ್ಟೀರಿಯಾದ ಕಾರಣಕ್ಕೆ. ಸಾಮಾನ್ಯ ಬ್ಯಾಕ್ಟೀರಿಯಾದ ಗಾತ್ರ ಒಂದರಿಂದ ಕೆಲವು ಮೈಕ್ರಾನ್. ಕೊಳವೆಯ ಮೈಯಲ್ಲಿ ಅಷ್ಟು ಅಗಲದ ಗೀರು ಇದ್ದರೆ ಅದು ಅದರಲ್ಲಿ ಅಡಗಿ ಕೂರುತ್ತದೆ. ಒಮ್ಮೆ ಕೂತರೆ ಅಂಟಿನಂಥ ಲೋಳೆಯನ್ನು ಸುರಿಸಿ, ತನ್ನ ಮೇಲೊಂದು ಪದರ ಕಟ್ಟಿಕೊಂಡು ಸಂಸಾರ ಬೆಳೆಸುತ್ತದೆ. ಮೇಲೆ ಬಿಸಿನೀರು, ಕ್ಷಾರ ಹರಿದರೂ ಗೀರಿನ ಆಳಕ್ಕೆ ಅವು ತಲುಪುವುದಿಲ್ಲ. ಕೆರೆಯ ಮೆಟ್ಟಿಲಿನ ಸಂದಿನಲ್ಲಿ ಪಾಚಿ ಉಳಿದುಕೊಳ್ಳುವ ಹಾಗೆ. ಹಾಲು, ಆಹಾರದ ಯಂತ್ರಗಳ ಒಳಮೈಯ ಸರಾಸರಿ ಒರಟುತನ 0.8 ಮೈಕ್ರಾನಿಗಿಂತ ಹೆಚ್ಚಿರಬಾರದು ಎಂಬುದು ವ್ಯಾಪಕವಾಗಿ ಒಪ್ಪಿದ ಅಳತೆ. ಔಷಧ ತಯಾರಿಕೆಯಲ್ಲಿ ಹಲವು ಕಡೆ 0.4 ಮೈಕ್ರಾನ್ ಕೇಳುತ್ತಾರೆ. ಬ್ಯಾಕ್ಟೀರಿಯಾಗೆ ಅಡಗಲು ಜಾಗ ಕೊಡದಿರುವುದೇ ಈ ಅಂಕಿಗಳ ಅರ್ಥ. ಸ್ಟೆಂಟಿನ ವಿಷಯದಲ್ಲಿ ಬ್ಯಾಕ್ಟೀರಿಯಾಗಿಂತ ರಕ್ತದ ಚಿಂತೆ ದೊಡ್ಡದು. ಲೋಹದ ಒರಟು ಅಂಚಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಎದೆಯೊಳಗೆ ಸೇರುವ ಆ ಪುಟ್ಟ ಜಾಲರಿಗೂ ಒಪ್ಪ ಹಾಕುವುದು ಈ ತೊಟ್ಟಿಯಲ್ಲಿಯೇ.

ಹೀಗಾಗಿ ಹೊಳಪು ಇಲ್ಲಿ ಗುರಿಯಲ್ಲ, ಗುರುತು. ಬೆಳಕಿಗೆ ಚೆದರಲು ಎಡೆಯಿಲ್ಲದ ಮೈಯಲ್ಲಿ ಕೊಳೆಗೂ ಎಡೆ ಕಡಿಮೆ ಎಂದಷ್ಟೇ ಅದು ಹೇಳುತ್ತದೆ. ನಯವಾಗಿ ಬಫಿಂಗ್ ಮಾಡಿದ ಮೈ ಕಣ್ಣಿಗೆ ಇನ್ನೂ ಹೆಚ್ಚು ಹೊಳೆದರೂ ಒಳಗೆ ಎಮರಿ ಇಟ್ಟುಕೊಂಡಿರಬಹುದು. ಕಣ್ಣಿನ ಸಾಕ್ಷಿಯೊಂದೇ ಸಾಲದು. ಒರಟುತನವನ್ನು ಅಳೆಯುವ ಸೂಜಿಯ ಯಂತ್ರ ಬೇಕು.

ಕಳೆದದ್ದು ಎಲ್ಲಿಗೆ ಹೋಯಿತು?

ಫ್ಯಾರಡೆಯ ಲೆಕ್ಕ ಎರಡೂ ಕಡೆ ಹೊಂದಬೇಕು. ಉಕ್ಕಿನ ಮೈಯಿಂದ ಹೋದ ಲೋಹ ಎಲ್ಲಿಯೋ ಇರಲೇಬೇಕು. ಒಂದು ಚದರ ಮೀಟರ್ ಮೈಯಿಂದ 25 ಮೈಕ್ರಾನ್ ಕಳೆದರೆ ಅದು ಸುಮಾರು 200 ಗ್ರಾಂ ಉಕ್ಕು. ಪಾತ್ರೆಗಳಿಗೆ ಬಳಸುವ 304 ಎಂಬ ಜಾತಿಯ ಉಕ್ಕಿನಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕಲ್ ಇರುತ್ತದೆ. ಅಂದರೆ 36 ಗ್ರಾಂ ಕ್ರೋಮಿಯಂ, 16 ಗ್ರಾಂ ನಿಕಲ್ ಆಮ್ಲಕ್ಕೆ ಸೇರಿತು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ನಿಕಲ್ ಲೀಟರಿಗೆ 0.02 ಮಿಲಿಗ್ರಾಂ, ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. 16 ಗ್ರಾಂ ನಿಕಲ್ ಹಾಗೆಯೇ ನೀರಿಗೆ ಸೇರಿದರೆ ಎಂಟು ಲಕ್ಷ ಲೀಟರ್ ನೀರು ಆ ಮಿತಿಯನ್ನು ಮುಟ್ಟುತ್ತದೆ. ಇದು ಒಂದೇ ಒಂದು ಚದರ ಮೀಟರಿನ ಲೆಕ್ಕ.

ವಾಸ್ತವದಲ್ಲಿ ಲೋಹದ ಬಹುಪಾಲು ತೊಟ್ಟಿಯಲ್ಲೇ ಉಳಿಯುತ್ತದೆ. ಆಮ್ಲ ಲೋಹದಿಂದ ತುಂಬಿ ಒಪ್ಪ ಹಾಕಲಾರದಂತಾದಾಗ ಅದನ್ನು ತೆಗೆದು ವಿಲೇವಾರಿ ಮಾಡಬೇಕು. ಇನ್ನೊಂದು ಪಾಲು ಸದ್ದಿಲ್ಲದೆ ದಿನವೂ ಹೊರಡುತ್ತದೆ. ಈ ಆಮ್ಲ ಹರಳೆಣ್ಣೆಯಂತೆ ಮಂದ. ಮೇಲೆತ್ತಿದ ಪಾತ್ರೆಯ ಮೈಗೆ ಅಂಟಿಕೊಂಡು ತೊಳೆಯುವ ತೊಟ್ಟಿಗೆ ಬರುತ್ತದೆ. ಹೊರಗೆ ಹರಿಯುವುದು ಈ ತೊಳೆದ ನೀರು. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಪಾತ್ರೆಯನ್ನು ತೊಟ್ಟಿಯ ಮೇಲೆಯೇ ಸ್ವಲ್ಪ ಹೊತ್ತು ತೊಟ್ಟಿಕ್ಕಲು ಬಿಟ್ಟರೆ ಆಮ್ಲವೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಮೊದಲ ತೊಳೆತವನ್ನು ನಿಂತ ನೀರಿನಲ್ಲಿ ಮಾಡಿ, ಆ ನೀರನ್ನು ಹೊರಗೆ ಬಿಡದೆ ಹಿಡಿದಿಡಬಹುದು. ಉಳಿದದ್ದಕ್ಕೆ ಸುಣ್ಣ ಹಾಕಿದರೆ ಆಮ್ಲ ಶಮನವಾಗಿ ಕಬ್ಬಿಣ, ಕ್ರೋಮಿಯಂ, ನಿಕಲ್ ಕೆಸರಾಗಿ ತಳಕ್ಕೆ ಕೂರುತ್ತವೆ. ಫಾಸ್ಫೇಟ್ ಕೂಡ ಸುಣ್ಣದ ಜೊತೆ ಸೇರಿ ತಳ ಸೇರುತ್ತದೆ. ಹಾಗಾಗದೆ ನದಿಗೆ ಸೇರಿದರೆ ಪಾಚಿಗೂ ಅಂತರಗಂಗೆಗೂ ಅದು ಗೊಬ್ಬರ. ಕ್ರೋಮಿಯಂ ಆರು ವೇಲೆನ್ಸಿಯ ವಿಷರೂಪದಲ್ಲಿದ್ದರೆ ಸುಣ್ಣಕ್ಕೆ ಜಗ್ಗುವುದಿಲ್ಲ. ಮೊದಲು ಸೋಡಿಯಂ ಬೈಸಲ್ಫೈಟ್‌ನಂಥ ರಾಸಾಯನಿಕದಿಂದ ಅದನ್ನು ಸೌಮ್ಯ ರೂಪಕ್ಕೆ ತರಬೇಕು. ಹೊರಗೆ ಬಿಡುವ ನೀರಿನಲ್ಲಿ ಈ ವಿಷ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ, ನಿಕಲ್ 3 ಮಿಲಿಗ್ರಾಂ ಮೀರಬಾರದು, ಪಿಎಚ್ 5.5 ಮತ್ತು 9ರ ನಡುವೆ ಇರಬೇಕು ಎಂಬುದು ಒಳನಾಡಿನ ನೀರಿಗೆ ಬಿಡುವ ತ್ಯಾಜ್ಯಕ್ಕೆ ದೇಶದ ಸಾಮಾನ್ಯ ನಿಯಮ.

ನಿಯಮ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಲೋಹಕ್ಕೆ ಲೇಪ ಕೊಡುವ ನೂರಾರು ಸಣ್ಣ ಘಟಕಗಳಿರುವ ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಸರ್ಕಾರಿ ಸಂಸ್ಥೆಗಳ ಅಧ್ಯಯನಗಳಲ್ಲೇ ದಾಖಲಾಗಿದೆ. ಅಲ್ಲಿನ ಮುಖ್ಯ ಕಾರಣ ಒಪ್ಪದ ತೊಟ್ಟಿಯಲ್ಲ, ಕ್ರೋಮಿಯಂ ಲೇಪದ ತೊಟ್ಟಿ. ಆದರೆ ತೊಳೆದ ನೀರಿನ ಕಥೆ ಎರಡಕ್ಕೂ ಒಂದೇ. ನೆಲದೊಳಗೆ ಇಳಿದ ಲೋಹವನ್ನು ಹೊರತೆಗೆಯುವ ಅಗ್ಗದ ದಾರಿ ಇಲ್ಲ.

ನದಿಯ ದಂಡೆಯಲ್ಲಿ ಈ ಎಚ್ಚರ ಇನ್ನಷ್ಟು ಬೇಕು. ಕಪಿಲೆ ನಂಜನಗೂಡಿನ ಸ್ನಾನಘಟ್ಟವನ್ನು ದಾಟಿ, ಸುತ್ತೂರನ್ನು ಸವರಿಕೊಂಡು, ಟಿ. ನರಸೀಪುರದಲ್ಲಿ ಕಾವೇರಿಯಾಗುತ್ತದೆ. ಅಲ್ಲಿಂದ ತಲಕಾಡಿನ ಮರಳನ್ನು ಬಳಸಿ ಶಿವನಸಮುದ್ರದ ಕಡೆ ಹರಿಯುತ್ತದೆ. ಅದರ ಸಮೀಪದಲ್ಲೇ ಬೆಂಗಳೂರಿಗೆ ಕುಡಿಯುವ ನೀರನ್ನು ಎತ್ತಿಕೊಳ್ಳುತ್ತಾರೆ. ಮೇಲಿನ ಊರಿನಲ್ಲಿ ಪಾತ್ರೆ ತೊಳೆದ ನೀರು ಕೆಳಗಿನ ಊರಿನಲ್ಲಿ ತೀರ್ಥವೂ ಹೌದು, ನಲ್ಲಿಯ ನೀರೂ ಹೌದು.

ಹೊಳೆಯುವ ಪಾತ್ರೆಗೆ ಒಂದು ಪ್ರಮಾಣಪತ್ರ ಕೊಡುವ ರೂಢಿ ಕೈಗಾರಿಕೆಯಲ್ಲಿ ಇದೆ. ಒರಟುತನ ಎಷ್ಟು, ಉಕ್ಕು ಯಾವ ಜಾತಿ ಎಂಬುದೆಲ್ಲ ಅದರಲ್ಲಿ ಇರುತ್ತದೆ. ತಳಕ್ಕೆ ಕೂತ ಕೆಸರಿಗೂ ಅಪಾಯಕಾರಿ ತ್ಯಾಜ್ಯದ ಕಾನೂನಿನ ಪ್ರಕಾರ ದಾಖಲೆ ಇರಬೇಕು: ಎಷ್ಟು ತೂಕ, ಯಾವ ವಾಹನದಲ್ಲಿ, ಎಲ್ಲಿಗೆ. ಪಾತ್ರೆ ಕೊಳ್ಳುವವರು ಮೊದಲ ಕಾಗದವನ್ನು ಕೇಳಿ ಪಡೆಯುತ್ತಾರೆ. ಎರಡನೆಯದನ್ನೂ ಅಷ್ಟೇ ಒತ್ತಾಯದಿಂದ ಕೇಳುವ ದಿನ ಬಂದರೆ, ಒಪ್ಪ ಹಾಕುವವನಿಗೆ ಸುಣ್ಣದ ಖರ್ಚು ನಷ್ಟದ ಬಾಬ್ತಾಗಿ ಉಳಿಯುವುದಿಲ್ಲ. ಕೂಲಿಯ ಒಂದು ಭಾಗವಾಗುತ್ತದೆ.